ಕೋಣೆಗೂ ಒಂದು ಮೈಕು ಕೊಡಿ

ಎಲೆಕ್ಟ್ರಿಕ್ ಗಿಟಾರನ್ನು ಯಾರೂ ಸ್ಪೀಕರಿಗೆ ಕಿವಿ ಒತ್ತಿಕೊಂಡು ಕೇಳೋದಿಲ್ಲ. ಹಾಗೆ ಕೇಳಿದವರು ವಾರದೊಳಗೆ ಕಿವಿ ಡಾಕ್ಟರ ಬಾಗಿಲು ತಟ್ಟಬೇಕಾಗುತ್ತದೆ. ಆದರೂ ಬೆಂಗಳೂರಲ್ಲಿ ಗಿಟಾರ್ ರೆಕಾರ್ಡ್ ಮಾಡುವವರಲ್ಲಿ ನಾನು ನೋಡಿದ ಬಹುಪಾಲು ಮಂದಿ ಮಾಡ್ತಿರೋದು ಅದನ್ನೇ. ಆಂಪಿನ ಮುಂದಿನ ಬಟ್ಟೆಗೆ ಎರಡು ಬೆರಳು ದೂರದಲ್ಲಿ ಒಂದು ಮೈಕು, ಮುಗೀತು ಕಥೆ. ಎಷ್ಟೋ ಕಡೆ ಅದೂ ಇಲ್ಲ. ಗಿಟಾರಿನಿಂದ ಹೊರಟ ವೈರು ಸೀದಾ ಲ್ಯಾಪ್‌ಟಾಪಿಗೆ. ಆಂಪು, ಸ್ಪೀಕರು, ಮೈಕು, ಕೋಣೆ ಎಲ್ಲವೂ ಸಾಫ್ಟ್‌ವೇರಿನೊಳಗೆ. ಎರಡೂ ದಾರಿಯಲ್ಲಿ ಕೊನೆಗೆ ಕೈಗೆ ಸಿಗೋದು ಗಾಳಿಯೇ ಇಲ್ಲದ ಗಿಟಾರು.

"ಡ್ರೈ ತಗೊಂಡುಬಿಡೋಣ, ರೂಮು ಆಮೇಲೆ ಹಾಕ್ಕೊಳ್ಳೋಣ ಬ್ರೋ." ನನ್ನ ಸಿಟ್ಟೆಲ್ಲ ಈ ಒಂದು ವಾಕ್ಯದ ಮೇಲೆ. ಕೋಣೆ ಅನ್ನೋದು ಉಪ್ಪಿನಕಾಯಿ ಥರ ಊಟದ ಕೊನೆಗೆ ಎಲೆಯ ಅಂಚಿಗೆ ಬಡಿಸಿಕೊಳ್ಳೋ ಪದಾರ್ಥವೇನ್ರೀ?

ಎರಡು ವರ್ಷದ ಹಿಂದೆ ಗೆಳೆಯರ ಬ್ಯಾಂಡೊಂದು ನಾಲ್ಕು ಕನ್ನಡ ಹಾಡು ರೆಕಾರ್ಡ್ ಮಾಡೋಕೆ ಹೊರಟಿತ್ತು. ಊರಿನ ದಕ್ಷಿಣ ಭಾಗದ ಒಂದು ಸ್ಟುಡಿಯೊ, ಹೆಸರು ಬೇಡ, ಗಂಟೆ ಲೆಕ್ಕದ ಬಾಡಿಗೆ. ಗಿಟಾರಿಸ್ಟು ತನ್ನ ವಾಲ್ವ್ ಆಂಪನ್ನು ಎರಡು ಮಹಡಿ ಹೊತ್ತುಕೊಂಡು ಬಂದಿದ್ದ. ಹಾಲು ಅದ್ಭುತವಾಗಿತ್ತು. ಮರದ ನೆಲ, ಎತ್ತರದ ಚಾವಣಿ, ಚಪ್ಪಾಳೆ ತಟ್ಟಿದರೆ ಸದ್ದು ಒಂದು ಸುತ್ತು ಹೊಡೆದು ನಿಧಾನ ಕೂರೋದು. "ಆ ಮೂಲೇಲಿ ಇನ್ನೊಂದು ಮೈಕು ನಿಲ್ಲಿಸೋಣ" ಅಂದೆ. ಅಲ್ಲಿನ ಹುಡುಗ ಬಹಳ ಮರ್ಯಾದೆಯಿಂದಲೇ ಹೇಳಿದ: "ಬೇಡ ಸಾರ್, ಫೇಸ್ ಪ್ರಾಬ್ಲಮ್ ಆಗುತ್ತೆ. ಪ್ಲಗ್‌ಇನ್‌ನಲ್ಲಿ ಯಾವ ರೂಮ್ ಬೇಕಾದ್ರೂ ಇದೆ, ಆಮೇಲೆ ಹಾಕ್ಕೊಡ್ತೀನಿ." ಎರಡು ಚಾನೆಲ್ ಖಾಲಿ ಇದ್ದವು. ಎರಡು ಮೈಕು ಕಪಾಟಿನಲ್ಲಿ ಮಲಗಿದ್ದವು. ನಾವು ಬಾಡಿಗೆ ಕೊಟ್ಟಿದ್ದು ಆ ಹಾಲಿಗೆ, ಮನೆಗೆ ತಂದಿದ್ದು ಯಾವುದೋ ಪ್ರೀಸೆಟ್ಟನ್ನು. ಆ ನಾಲ್ಕು ಹಾಡು ಕೇಳಿದರೆ ಅವು ಹುಟ್ಟಿದ್ದು ಭೂಮಿಯ ಮೇಲಿನ ಯಾವ ಜಾಗದಲ್ಲಿ ಅಂತ ದೇವರಾಣೆಗೂ ಗೊತ್ತಾಗೋದಿಲ್ಲ.

ನಾನು ಸೌಂಡ್ ಎಂಜಿನಿಯರ್ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಓದಿದ್ದು ಬಿಇ, ವಾರವೆಲ್ಲ ಕೋಡು, ಭಾನುವಾರ ಗೆಳೆಯರ ಬ್ಯಾಂಡುಗಳಿಗೆ ಮೈಕು ಹಿಡಿಯೋ ಚಟ. ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಹಳ್ಳಿ. ನಮ್ಮಲ್ಲಿ ರಾತ್ರಿ ಬಯಲಾಟದ ಚಂಡೆ ಗದ್ದೆ ದಾಟಿ ಮನೆ ಜಗುಲಿಗೆ ಬರುತ್ತಿತ್ತು. ಅಜ್ಜ ಎಲೆಯಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಕೇಳಿ, ಇವತ್ತು ಆಟ ಶಾಲೆ ಬಯಲಿನದ್ದೋ ದೇವಸ್ಥಾನದ ಎದುರಿನದ್ದೋ ಅಂತ ಹೇಳೋರು. ಅವರಿಗೆ ಜಾಗದ ಗುರುತು ಹೇಳುತ್ತಿದ್ದದ್ದು ಚಂಡೆಯ ಸುತ್ತ ಇದ್ದ ಗುಡ್ಡ, ಗೋಡೆ, ತೋಟ. ಸದ್ದು ತಾನು ಹುಟ್ಟಿದ ಜಾಗದ ವಿಳಾಸ ಹೊತ್ತುಕೊಂಡೇ ಪ್ರಯಾಣ ಮಾಡುತ್ತೆ. ಕ್ಲೋಸ್ ಮೈಕು ಆ ವಿಳಾಸ ಹರಿದು ಬಿಸಾಕುತ್ತೆ.

ಗಿಟಾರ್ ಬಾರಿಸದವರಿಗೆ ಎರಡು ಮಾತಲ್ಲಿ ವಿಷಯ ಹೇಳಿಬಿಡ್ತೀನಿ. ಎಲೆಕ್ಟ್ರಿಕ್ ಗಿಟಾರಿನ ನಿಜವಾದ ದನಿಪೆಟ್ಟಿಗೆ ಅದರ ಆಂಪು. ಆಂಪಿನ ಸ್ಪೀಕರ್ ಮುಂದೆ ಒಂದು ಮೈಕು ಇಟ್ಟು ರೆಕಾರ್ಡ್ ಮಾಡ್ತಾರೆ, ಅದು ಕ್ಲೋಸ್ ಮೈಕು. 1965ರಲ್ಲಿ ಬಂದ ಶೂರ್ ಎಸ್‌ಎಂ57 ಈ ಕೆಲಸಕ್ಕೆ ಜಗತ್ತಿನಲ್ಲೆಲ್ಲ ಚಾಲ್ತಿಯಲ್ಲಿದೆ, ನನಗೂ ಅದರ ಮೇಲೆ ಜಗಳವಿಲ್ಲ. ರೂಮ್ ಮೈಕು ಅಂದರೆ ಆಂಪಿನಿಂದ ಆರು, ಹತ್ತು, ಹದಿನೈದು ಅಡಿ ದೂರದಲ್ಲಿ ನಿಲ್ಲಿಸೋ ಇನ್ನೊಂದು ಮೈಕು. ಸ್ಪೀಕರಿನ ನೇರ ಸದ್ದಿಗಿಂತ ಗೋಡೆ, ನೆಲ, ಚಾವಣಿಗೆ ಬಡಿದು ಬಂದ ಸದ್ದು ಅದಕ್ಕೆ ಹೆಚ್ಚು ಕೇಳುತ್ತೆ. ಎರಡನ್ನೂ ಬೆರೆಸಿದಾಗ ಗಿಟಾರಿಗೊಂದು ದೇಹ ಬರುತ್ತೆ. ಎಷ್ಟು ದೂರ ಹೋದರೆ ಮೈಕು "ಕೋಣೆ"ಯನ್ನು ಕೇಳಲು ಶುರುಮಾಡುತ್ತೆ? ನಮ್ಮ ಅಪಾರ್ಟ್‌ಮೆಂಟಿನ ಬೆಡ್‌ರೂಮಿನಂಥ ಜಾಗದಲ್ಲಿ ಎರಡು ಮೂರು ಅಡಿ ದಾಟಿದರೆ ಸಾಕು, ನೇರ ಸದ್ದೂ ಕೋಣೆಯ ಸದ್ದೂ ಸರಿಸಮ ಆಗಿರುತ್ತವೆ. ಅಲ್ಲಿಂದಾಚೆ ಕೋಣೆಯದ್ದೇ ದರ್ಬಾರು.

"ಅದೆಲ್ಲ ದೊಡ್ಡ ಸ್ಟುಡಿಯೊದವರ ಶೋಕಿ" ಅನ್ನೋರಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತೆ. 1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೊದಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದಾಗ ಇದ್ದಿದ್ದು ಒಂದು ಚಿಕ್ಕ ಕೋಣೆ, ಮೂರು ಜನ, ಬೆರಳೆಣಿಕೆಯ ಮೈಕು. ಸ್ಕಾಟಿ ಮೂರ್‌ನ ಎಲೆಕ್ಟ್ರಿಕ್ ಗಿಟಾರು ಎಲ್ಲರ ಮೈಕಿಗೂ ಸ್ವಲ್ಪ ಸ್ವಲ್ಪ ಸೋರಿದೆ, ಆ ಸೋರಿಕೆಯೇ ಆ ಕೋಣೆ. ಲೆಡ್ ಝೆಪಲಿನ್‌ನ ಜಿಮ್ಮಿ ಪೇಜ್ 1968ರಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಮೊದಲ ಆಲ್ಬಮ್ ಮಾಡುವಾಗ ಬಳಸಿದ್ದು ಪುಟ್ಟದೊಂದು ಸುಪ್ರೊ ಆಂಪು. ಕೇಳಿದರೆ ಬೆಟ್ಟದಷ್ಟು ದೊಡ್ಡ ಸದ್ದು. ಮೈಕನ್ನು ದೂರ ಇಟ್ಟರೆ ಆಳ ಬರುತ್ತೆ ಅನ್ನೋದನ್ನು ಪೇಜ್ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾನೆ. ಅದೇ ಬ್ಯಾಂಡಿನ ನಾಲ್ಕನೇ ಆಲ್ಬಮ್ಮಿನಲ್ಲಿ, 1971ರದ್ದು, "ವೆನ್ ದ ಲೆವೀ ಬ್ರೇಕ್ಸ್" ಅನ್ನೋ ಹಾಡಿದೆ. ಅದರ ಡ್ರಮ್ಸು ರೆಕಾರ್ಡ್ ಆಗಿದ್ದು ಹೆಡ್ಲಿ ಗ್ರೇಂಜ್ ಎಂಬ ಹಳ್ಳಿಗಾಡಿನ ಹಳೇ ಕಟ್ಟಡದಲ್ಲಿ. 1795ರಲ್ಲಿ ಗತಿಯಿಲ್ಲದವರನ್ನು ಇಟ್ಟು ದುಡಿಸಲು ಕಟ್ಟಿದ್ದು. ಎಂಜಿನಿಯರ್ ಆಂಡಿ ಜಾನ್ಸ್ ಡ್ರಮ್ಸನ್ನು ಕೆಳಗಿನ ಹಜಾರದಲ್ಲಿ ಇಡಿಸಿ, ಮೆಟ್ಟಿಲಿನ ಮೇಲಿನಿಂದ ಎರಡು ಬೇಯರ್ ಎಂ160 ಮೈಕು ಇಳಿಬಿಟ್ಟ. ಅವನ್ನು ಕಂಪ್ರೆಸರಿನಲ್ಲಿ ಚೆನ್ನಾಗಿ ಹಿಂಡಿ, ಒಂದಿಷ್ಟು ಎಕೊ ಸೇರಿಸಿದರು. ಐವತ್ತು ವರ್ಷ ದಾಟಿದರೂ ಜನ ಆ ಸದ್ದಿನ ನಕಲು ಮಾರಿ ಹೊಟ್ಟೆ ಹೊರೀತಿದ್ದಾರೆ. ಮೆಟ್ಟಿಲು ರೀ, ಮೆಟ್ಟಿಲು! ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಇಲ್ಲವಾ?

ಗಿಟಾರಿನದ್ದಲ್ಲದಿದ್ದರೂ ಇನ್ನೊಂದು ಉದಾಹರಣೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1977ರಲ್ಲಿ ಬರ್ಲಿನ್ನಿನ ಹಾನ್ಸಾ ಸ್ಟುಡಿಯೊದಲ್ಲಿ ಡೇವಿಡ್ ಬೋವಿ "ಹೀರೋಸ್" ಹಾಡಿದ. ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕು ಇಟ್ಟ. ಒಂದು ಸುಮಾರು 9 ಇಂಚು ದೂರ, ಒಂದು 20 ಅಡಿ, ಕೊನೇದು 50 ಅಡಿ. ಮೆಲ್ಲಗೆ ಹಾಡಿದರೆ ಹತ್ತಿರದ್ದು ಮಾತ್ರ ತೆರೆದಿರುತ್ತೆ. ದನಿ ಏರಿದರೆ ಎರಡನೆಯದು ತೆರೆಯುತ್ತೆ, ಇನ್ನೂ ಏರಿದರೆ ಮೂರನೆಯದು. ಹಾಡು ಕೂಗಿಗೆ ತಿರುಗಿದ ಹಾಗೆ ಹಾಲೇ ಅವನ ಜೊತೆ ಎದ್ದು ನಿಲ್ಲುತ್ತೆ. ಇದನ್ನು "ಆಮೇಲೆ ಹಾಕ್ಕೊಳ್ಳೋಣ" ಅಂದಿದ್ದರೆ ಬೋವಿ ಆ ಕೂಗು ಕೂಗುತ್ತಲೇ ಇರಲಿಲ್ಲವೇನೋ. ತಾನಿರುವ ಜಾಗ ತನಗೆ ಉತ್ತರ ಕೊಡ್ತಿದೆ ಅಂತ ಗೊತ್ತಾದಾಗ ಹಾಡುವವನೂ ಬಾರಿಸುವವನೂ ಬದಲಾಗ್ತಾರೆ. ಗಿಟಾರಿಗೆ ಇದು ಇನ್ನೂ ನಿಜ, ಏಕೆಂದರೆ ಆಂಪಿನ ಸದ್ದು ಕೋಣೆಯೆಲ್ಲ ತಿರುಗಿ ತಂತಿಗೇ ವಾಪಸ್ ತಾಗುತ್ತೆ. ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿಗೆ ಬಾರಿಸುವವನ ತಂತಿಗೆ ಆ ಭಾಗ್ಯ ಇಲ್ಲ.

ಈಗ ಸಾಮಾನಿನ ವಿಷಯ. ರೂಮ್ ಮೈಕು ಅಂದ ಕೂಡಲೇ ನಮ್ಮ ಐಟಿ ಮಂದಿ ಮೊದಲು ಮಾಡೋ ಕೆಲಸ ಅಂಗಡಿಯ ಬೆಲೆಪಟ್ಟಿ ತೆಗೆಯೋದು. ನ್ಯೂಮನ್ ಯು87, ಎರಡು ಲಕ್ಷ ದಾಟುತ್ತೆ. ರಾಯರ್ ಆರ್-121, ಲಕ್ಷದ ಮೇಲೆ. (ಮಂತ್ರಾಲಯದ ರಾಯರಲ್ಲ, ಆದರೆ ಇದಕ್ಕೂ ಹರಕೆ ಹೊತ್ತವರಿದ್ದಾರೆ.) ಬೋನಸ್ ಬಂದ ತಿಂಗಳು ಮೈಕು ಬರುತ್ತೆ, ಮರದ ಪೆಟ್ಟಿಗೆ ಸಮೇತ ಫೋಟೊ ಹೋಗುತ್ತೆ, ಮತ್ತೆ ಅದನ್ನೂ ಆಂಪಿನ ಬಾಯಿಗೇ ಅಂಟಿಸ್ತಾರೆ! ರೂಮ್ ಮೈಕಿನ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟು: ಕೋಣೆ ಮೊದಲು, ಜಾಗ ಎರಡನೇದು, ಮೈಕು ಎಲ್ಲಕ್ಕಿಂತ ಕೊನೇದು. ಹತ್ತು ಸಾವಿರದೊಳಗೆ ಸಿಗುವ ಸಾಧಾರಣ ಕಂಡೆನ್ಸರ್ ಮೈಕು ಧಾರಾಳ ಸಾಕು. ಹಳ್ಳಿ ಮದುವೆ ರೆಕಾರ್ಡ್ ಮಾಡೋ ಕೈಹಿಡಿ ರೆಕಾರ್ಡರ್ ಇದ್ದರೆ ಅದೂ ಆದೀತು. ದೂರದ ಸದ್ದು ಸಣ್ಣದು, ಆದ್ದರಿಂದ ಸ್ವಂತ ಗುಸುಗುಸು ಕಡಿಮೆ ಇರೋ ಮೈಕು ಬೇಕು. ಎಸ್‌ಎಂ57 ಅನ್ನು ಹತ್ತು ಅಡಿ ಆಚೆ ಒಯ್ದರೆ ಪ್ರೀಆಂಪನ್ನು ಜಾಸ್ತಿ ಏರಿಸಬೇಕಾಗಿ ಹಿಸ್ಸ್ ಅನ್ನೋದು ಅದಕ್ಕೇ. ಹಾಗಂತ ಬೇರೇನೂ ಇಲ್ಲದಿದ್ದರೆ ಅದನ್ನೇ ಇಡಿ, ಮೈಕೇ ಇಲ್ಲದ್ದಕ್ಕಿಂತ ವಾಸಿ.

ಬ್ರ್ಯಾಂಡಿಗಿಂತ ಮುಖ್ಯವಾದದ್ದು ಮೈಕಿನ ಮುಖ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆ ಕಿವುಡು. ಹಾಗಿದ್ದಾಗ ಅದರ ಬೆನ್ನನ್ನೇ ಆಂಪಿಗೆ ಮಾಡಿ, ಮುಖವನ್ನು ಎದುರಿನ ಗೋಡೆಗೋ ಮೂಲೆಗೋ ತಿರುಗಿಸಿ. ನೋಡೋಕೆ ಮೈಕು ಮುನಿಸಿಕೊಂಡು ಕೂತ ಹಾಗಿರುತ್ತೆ. ಆದರೆ ಆರು ಅಡಿ ದೂರದಲ್ಲಿದ್ದೂ ಹನ್ನೆರಡು ಅಡಿ ದೂರ ಇದ್ದಂತೆ ಕೇಳುತ್ತೆ. ಚಿಕ್ಕ ಕೋಣೆಯವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಫಿಗರ್ ಎಯ್ಟ್ ಮೈಕಿಗೆ ಎಡ ಬಲ ಎರಡು ಪಕ್ಕ ಕಿವುಡು, ಅದರ ಪಕ್ಕೆ ಆಂಪಿಗೆ ತಿರುಗಿರಲಿ. ಓಮ್ನಿಗೆ ಸುತ್ತಲೂ ಕಿವಿ, ಕೋಣೆ ಚೆನ್ನಾಗಿದ್ದರೆ ಅದಕ್ಕಿಂತ ಸಹಜವಾದದ್ದು ಇಲ್ಲ.

ಎಲ್ಲಿ ಇಡಬೇಕು ಅನ್ನೋದಕ್ಕೆ ಒಂದು ಹಳೇ ಉಪಾಯ ಇದೆ. ಗೆಳೆಯನಿಗೆ ಬಾರಿಸಲು ಹೇಳಿ, ನೀವು ಒಂದು ಕಿವಿಗೆ ಬೆರಳಿಟ್ಟುಕೊಂಡು ಕೋಣೆಯೆಲ್ಲ ಸುತ್ತಿ. ಎರಡು ಕಿವಿ ತೆರೆದಿದ್ದರೆ ಮಿದುಳು ಕೋಣೆಯ ಸದ್ದನ್ನು ಜಾಣತನದಿಂದ ಪಕ್ಕಕ್ಕೆ ಸರಿಸಿಬಿಡುತ್ತೆ. ಮೈಕಿಗೆ ಆ ಜಾಣತನ ಇಲ್ಲ, ಅದಕ್ಕಿರೋದು ಒಂದೇ ಕಿವಿ. ಕೂತು, ನಿಂತು, ಸ್ಟೂಲು ಹತ್ತಿ, ಬಾಗಿಲಾಚೆ ಹೋಗಿ ಕೇಳಿ. ನೋಡಿದವರು ನಿಮಗೆ ತಲೆ ಕೆಟ್ಟಿದೆ ಅಂದುಕೊಳ್ತಾರೆ. ಅಂದುಕೊಳ್ಳಲಿ ಬಿಡಿ. ಎಲ್ಲಿ ಗಿಟಾರು ದೊಡ್ಡದಾಗಿ, ಸ್ಪಷ್ಟವಾಗಿ ಕೇಳುತ್ತೋ ಅಲ್ಲಿ ಮೈಕು.

ಲೆಕ್ಕವೂ ಇದೆ, ನಮ್ಮ ಬೆಡ್‌ರೂಮುಗಳಿಗೆ ಅದು ಚೆನ್ನಾಗಿ ಅನ್ವಯವಾಗುತ್ತೆ. 10 ಅಡಿಗೆ 14 ಅಡಿ, ಚಾವಣಿ 10 ಅಡಿ ಅಂತಿಟ್ಟುಕೊಳ್ಳಿ. ಎದುರು ಬದುರು ಗೋಡೆಗಳ ನಡುವೆ ಸದ್ದು ಕೆಲವು ಸ್ವರಗಳಲ್ಲಿ ಜೋಕಾಲಿ ಆಡುತ್ತೆ. 10 ಅಡಿಯ ನಡುವೆ ಅದು ಸುಮಾರು 56 ಹರ್ಟ್ಝ್, ಅದರ ದುಪ್ಪಟ್ಟು 112. ಗಿಟಾರಿನ ಎ ತಂತಿ 110. 14 ಅಡಿಯ ನಡುವೆ 40, ದುಪ್ಪಟ್ಟು 80. ಗಿಟಾರಿನ ದಪ್ಪ ಇ ತಂತಿ 82. ಚಾವಣಿಯೂ 10 ಅಡಿ ಆದ್ದರಿಂದ 112ರ ಕಾಟ ಎರಡು ಪಾಲು. ಅಂದರೆ ಬಿಲ್ಡರ್ ಮಹಾಶಯ ಗಿಟಾರಿನ ಕೆಳಗಿನ ಎರಡು ತಂತಿ ಗುಂಯ್ ಅನ್ನೋ ಹಾಗೆಯೇ ಅಳತೆ ಹಾಕಿ ಕಟ್ಟಿದ್ದಾನೆ! ಈ ದುಪ್ಪಟ್ಟು ಸ್ವರಗಳು ಅತಿ ಜೋರಾಗಿ ಕೇಳೋದು ಗೋಡೆಗಳ ಬುಡದಲ್ಲಿ ಮತ್ತು ಕೋಣೆಯ ನಟ್ಟನಡುವೆ. ಎಲ್ಲರೂ ಸ್ಟ್ಯಾಂಡು ನಿಲ್ಲಿಸೋದು ನಟ್ಟನಡುವೆಯೇ. "ನಮ್ಮ ಕೋಣೆ ಸರಿ ಇಲ್ಲ, ಬರೀ ಗುಂಯ್ ಅನ್ನುತ್ತೆ" ಅಂತ ಬೈದು ಎತ್ತಿಡೋದೂ ಅದಕ್ಕೇ. ಅವು ಅಡಗೋ ಜಾಗ ಉದ್ದ ಅಗಲದ ಕಾಲು ಭಾಗದಲ್ಲಿ. ಒಂದು ಗೋಡೆಯಿಂದ ಎರಡೂವರೆ ಅಡಿ, ಇನ್ನೊಂದರಿಂದ ಮೂರೂವರೆ ಅಡಿ, ನೆಲದಿಂದ ಏಳೂವರೆ ಅಡಿ ಎತ್ತರ. ಮೈಕನ್ನು ಅಲ್ಲಿಗೆ ಒಯ್ದು ಕೇಳಿ. ಅದೇ ಕೋಣೆ, ಅದೇ ಮೈಕು, ಅದೇ ಆಂಪು. ಗುಂಯ್ ಅರ್ಧಕ್ಕರ್ಧ ಇಳಿದಿರುತ್ತೆ. ನಾಲ್ಕು ಅಡಿ ಸರಿಸಿದ್ದಕ್ಕೆ ಬಿಲ್ಲು ಬರೋದಿಲ್ಲ ನೋಡಿ, ಹಾಗಾಗಿ ಯಾವ ಅಂಗಡಿಯವನೂ ಇದನ್ನು ನಿಮಗೆ ಹೇಳೋದಿಲ್ಲ.

ಇನ್ನು ಆ ಹುಡುಗ ಹೆದರಿಸಿದ "ಫೇಸ್ ಪ್ರಾಬ್ಲಮ್". ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಅಂದರೆ ಒಂದು ಅಡಿಗೆ ಒಂದು ಮಿಲಿಸೆಕೆಂಡಿಗಿಂತ ಚೂರು ಕಡಿಮೆ. ಹತ್ತು ಅಡಿ ಆಚೆಯ ಮೈಕಿಗೆ ಒಂಬತ್ತು ಮಿಲಿಸೆಕೆಂಡು ತಡ. ಒಂದೇ ಸದ್ದು ಹಿಂದೆಮುಂದೆಯಾಗಿ ಬಂದು ಬೆರೆತಾಗ ಕೆಲವು ಸ್ವರ ಒಂದನ್ನೊಂದು ಕಡಿದುಕೊಳ್ಳುತ್ತವೆ. ಇದು ನಿಜ. ಆದರೆ ಎಷ್ಟು ಕಡಿಯುತ್ತೆ? ರೂಮ್ ಮೈಕನ್ನು ಕ್ಲೋಸ್ ಮೈಕಿಗಿಂತ 10 ಡಿಬಿ ಕೆಳಗಿಟ್ಟರೆ ಅತಿ ಹೆಚ್ಚೆಂದರೆ 3 ಡಿಬಿ ಚಿಲ್ಲರೆ. ಯಾವ ಮಾಮೂಲಿ ಕೋಣೆಯಲ್ಲಿ ತಲೆ ಒಂದಡಿ ಅಲ್ಲಾಡಿಸಿದರೂ ಅದಕ್ಕಿಂತ ಹೆಚ್ಚು ಏರುಪೇರು ಇರುತ್ತೆ. ನಿಜವಾದ ಅಪಾಯ ಇರೋದು ಆಂಪಿನಿಂದ ಒಂದಡಿ, ಎರಡಡಿ ದೂರದಲ್ಲಿ ಸಮನಾದ ಜೋರಿನಲ್ಲಿ ಇಡೋ ಎರಡನೇ ಮೈಕಿನಲ್ಲಿ. ಒಂದಡಿ ದೂರದ ಮೈಕು ಮೊದಲು ಕಡಿಯೋದು 560 ಹರ್ಟ್ಝ್ ಸುತ್ತ, ಗಿಟಾರಿನ ಹೊಟ್ಟೆಗೇ ಚೂರಿ. ಅದು ತ್ರಿಶಂಕು ಮೈಕು. ಆಂಪಿನದ್ದೂ ಆಗಲಿಲ್ಲ, ಕೋಣೆಯದ್ದೂ ಆಗಲಿಲ್ಲ.

ಇದಕ್ಕೆ ಪರಿಹಾರ ಅಂತ ಕೆಲವರು "ಒಂದಕ್ಕೆ ಮೂರರ ನಿಯಮ" ಅಂತ ಮಂತ್ರ ಹೇಳ್ತಾರೆ. ಮೊದಲ ಮೈಕು ಒಂದಡಿ ಇದ್ದರೆ ಎರಡನೇದು ಮೂರಡಿ ಇರಲೇಬೇಕಂತೆ. ಆ ನಿಯಮ ಇರೋದು ಇಬ್ಬರು ಹಾಡುಗಾರರಿಗೆ ಎರಡು ಮೈಕು ಇಟ್ಟಾಗ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಜಾಸ್ತಿ ಸೋರದಿರಲಿ ಅಂತ. ಒಂದೇ ಆಂಪಿಗೆ ಎರಡು ಮೈಕು ಇಟ್ಟವರಿಗೂ ಅದಕ್ಕೂ ಸಂಬಂಧವಿಲ್ಲ. ಪಕ್ಕದ ಮನೆಯವರ ಮಾತ್ರೆ ಚೀಟಿ ತಂದು ನಮ್ಮ ಜ್ವರಕ್ಕೆ ಮಾತ್ರೆ ನುಂಗಿದ ಹಾಗೆ.

ಅದಕ್ಕಿಂತ ಹೊಟ್ಟೆ ಉರಿಸೋದು ಇನ್ನೊಂದಿದೆ. ಕಷ್ಟಪಟ್ಟು ರೂಮ್ ಮೈಕು ರೆಕಾರ್ಡ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಆ ಒಂಬತ್ತು ಮಿಲಿಸೆಕೆಂಡನ್ನು ಎಳೆದು ಕ್ಲೋಸ್ ಮೈಕಿನ ಅಲೆಗೆ ಗೆರೆಗೆ ಗೆರೆ ಕೂಡಿಸೋರು. ನಮ್ಮ ಜಾತಿಯವರೇ, ಎಂಜಿನಿಯರುಗಳು. ಪರದೆಯ ಮೇಲೆ ಎರಡು ಗೆರೆ ಹೊಂದದಿದ್ದರೆ ನಮಗೆ ನಿದ್ದೆ ಬರೋಲ್ಲ. ಅಲ್ಲ ಮಾರಾಯ್ರೆ, ಆ ತಡವೇ ಕೋಣೆ! ಸದ್ದು ಗೋಡೆಯ ತನಕ ನಡೆದು ಹೋಗಿ ಬರೋಕೆ ಹಿಡಿದ ಹೊತ್ತು ಅದು. ಆಫೀಸಿನಲ್ಲಿ ಲೇಟೆನ್ಸಿ ಅಂದರೆ ಬಗ್, ಒಪ್ಪಿದೆ. ಇಲ್ಲಿ ಅದೇ ಸರಕು. ಮಾಡಬೇಕಾದ್ದು ಒಂದೇ ಪರೀಕ್ಷೆ. ಎರಡೂ ಟ್ರ್ಯಾಕನ್ನು ಮೋನೊದಲ್ಲಿ ಕೇಳಿ, ರೂಮ್ ಟ್ರ್ಯಾಕಿನ ಪೊಲಾರಿಟಿ ಬಟನ್ ಒತ್ತಿ, ಬಿಡಿ. ಯಾವುದರಲ್ಲಿ ಗಿಟಾರಿನ ತಳ ತುಂಬಿ ಬರುತ್ತೋ ಅದನ್ನು ಇಟ್ಟುಕೊಳ್ಳಿ. ಮೂವತ್ತು ಸೆಕೆಂಡಿನ ಕೆಲಸ.

ಫೇಡರ್ ಎಷ್ಟು ಏರಿಸಬೇಕು ಅಂತ ಕೇಳ್ತಾರೆ. ಮೆಲ್ಲಗೆ ಏರಿಸುತ್ತಾ ಹೋಗಿ, "ಓ, ಕೋಣೆ ಕೇಳ್ತಿದೆ" ಅನಿಸಿದ ಕೂಡಲೇ ಒಂದು ಕೂದಲೆಳೆ ಇಳಿಸಿ ಬಿಡಿ. ಆಮೇಲೆ ಮ್ಯೂಟ್ ಮಾಡಿ ನೋಡಿ. ಮನೆಯಲ್ಲಿ ಫ್ರಿಜ್ಜು ಥಟ್ಟನೆ ನಿಂತಾಗ, ಇಷ್ಟು ಹೊತ್ತು ಓಡ್ತಿತ್ತು ಅಂತ ಗೊತ್ತಾಗುತ್ತಲ್ಲ, ಹಾಗೆ ಆಗಬೇಕು.

"ಆದರೆ ನಮ್ಮ ಕೋಣೆಗಳೇ ಕೆಟ್ಟವು" ಅನ್ನೋದು ಕೊನೆಯ ಅಸ್ತ್ರ. ಅವನ್ನು ಕೆಡಿಸಿದ್ದು ಬಹುಮಟ್ಟಿಗೆ ನಾವೇ. ಗೋಡೆಗೆಲ್ಲ ಒಂದಿಂಚಿನ ಫೋಮು ಅಂಟಿಸಿದ ಕೋಣೆ ನೋಡಿದ್ದೀರಲ್ಲ, ಕಪ್ಪು ಕಪ್ಪು ಮುಳ್ಳಿನದ್ದು? ಒಂದಿಂಚಿನ ಫೋಮು ಹೀರೋದು ಮೇಲಿನ ಸ್ವರಗಳನ್ನು ಮಾತ್ರ. 80, 112ರ ಜೋಕಾಲಿಗೆ ಅದು ಸೊಳ್ಳೆ ಕಡಿದ ಹಾಗೂ ಅಲ್ಲ. ಹೊಳಪು ಸತ್ತು ಗುಂಯ್ ಮಾತ್ರ ಉಳಿದ ಕೋಣೆಯಲ್ಲಿ ರೂಮ್ ಮೈಕು ಇಟ್ಟರೆ ಕಂಬಳಿ ಹೊದ್ದ ಕಪ್ಪೆ ಕೂಗಿದಂತೆ ಕೇಳುತ್ತೆ. ಮೊಟ್ಟೆ ಟ್ರೇ ಅಂಟಿಸಿದವರ ಬಗ್ಗೆ ನಾನೇನೂ ಹೇಳೋಲ್ಲ, ಅವು ಮೊಟ್ಟೆಗೆ ಒಳ್ಳೇದು. ಪುಸ್ತಕದ ಕಪಾಟು, ಮೂಲೆಗೆ ನಿಲ್ಲಿಸಿದ ದಪ್ಪ ಹತ್ತಿ ಹಾಸಿಗೆ, ಅರ್ಧ ತೆರೆದ ಬೀರು, ಇಷ್ಟು ಸಾಕು. ನಮ್ಮೂರಿನ ಹೆಂಚಿನ ಮನೆ ಒಂದು ಭಾನುವಾರ ನನಗೆ ಸಿಕ್ಕರೆ ಯಾವ ಸ್ಟುಡಿಯೊವೂ ಬೇಡ. ಚಾವಣಿ ಇಳಿಜಾರು, ನೆಲಕ್ಕೆ ಸಮಾನಾಂತರವೇ ಅಲ್ಲ, ಸದ್ದಿಗೆ ಮೇಲೆ ಕೆಳಗೆ ಜೋಕಾಲಿ ಆಡೋಕೆ ಜಾಗವಿಲ್ಲ. ಹೆಂಚಿನ ಸಂದಿಯಲ್ಲಿ ತಗ್ಗಿನ ಸ್ವರ ಸೋರಿ ಹೋಗುತ್ತೆ. ಜಗುಲಿ ಮೂಲೆಯಲ್ಲಿ ಅಡಿಕೆ ಮೂಟೆ ಇದ್ದರಂತೂ ದುಡ್ಡು ಕೊಟ್ಟು ಮಾಡಿಸಿದ ಹಾಗೆ.

ಒಪ್ಪಿಕೊಳ್ಳಬೇಕಾದ್ದು ಒಂದಿದೆ. ವೇಗದ ಮೆಟಲ್ ರಿಫ್ಫಿಗೆ, ತಂತಿ ಅಮುಕಿ ಟಕಟಕ ಬಾರಿಸೋ ಕಡೆ, ರೂಮ್ ಮೈಕು ಕೆಸರು ಮಾಡುತ್ತೆ. 2007ರಲ್ಲಿ ಐರನ್ ಮೇಡನ್‌ಗೆ ಅರಮನೆ ಮೈದಾನ ತುಂಬಿಸಿದ ಊರು ಇದು, ಇಲ್ಲಿ ಮೆಟಲ್ ಹುಡುಗರನ್ನು ಎದುರು ಹಾಕಿಕೊಳ್ಳೋ ಧೈರ್ಯ ನನಗಿಲ್ಲ. ಆದರೆ ನಿಮ್ಮದು ಮೆಟಲ್ ಅಲ್ಲವಲ್ಲ? ಮೂರು ಕಾರ್ಡು, ಒಂದು ಭಾವಗೀತೆಯಂಥ ಸಾಲು, ನಿಧಾನದ ಸೋಲೊ. ಅದಕ್ಯಾಕೆ ಡ್ರೈ?

ಪ್ಲಗ್‌ಇನ್ನಿನೊಳಗಿನ ಕೋಣೆಗಳು ಎಲ್ಲಿಯವು ಅಂತ ಯಾವತ್ತಾದರೂ ನೋಡಿದ್ದೀರಾ? ಇಂಪಲ್ಸ್ ರೆಸ್ಪಾನ್ಸ್ ಅಂದರೆ ಒಂದು ಜಾಗದಲ್ಲಿ ಒಂದು ಸದ್ದು ಮಾಡಿ, ಆ ಜಾಗ ಏನು ಉತ್ತರ ಕೊಡ್ತು ಅಂತ ಬರೆದಿಟ್ಟುಕೊಂಡ ಫೈಲು. ಸ್ಪೀಕರ್ ಇದ್ದ ಒಂದು ಬಿಂದು, ಮೈಕು ಇದ್ದ ಇನ್ನೊಂದು ಬಿಂದು, ಆ ಜೋಡಿಗೆ ಮಾತ್ರ ಅದು ನಿಜ. ಕಾನ್ವಲ್ಯೂಷನ್ ಪಾಠ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾರೋ ಲಂಡನ್ನಿನಲ್ಲೋ ಲಾಸ್ ಏಂಜಲೀಸ್‌ನಲ್ಲೋ ತಮ್ಮ ಹಾಲಿನಲ್ಲಿ ಹಿಡಿದ ಉತ್ತರವನ್ನು ನಾವು ದುಡ್ಡು ಕೊಟ್ಟು ತಂದು ಬನಶಂಕರಿಯ ಹಾಡಿಗೆ ಬಳಿಯುತ್ತೇವೆ. ತಪ್ಪು ಅಂತಲ್ಲ. ಆದರೆ ಬನಶಂಕರಿಯದ್ದನ್ನು ಯಾರು ಹಿಡಿಯುತ್ತಾರೆ?

ಈ ಪ್ರಶ್ನೆ ಸುಮ್ಮನೆ ಕೇಳ್ತಿಲ್ಲ. ಮೇಲೆ ಹೇಳಿದ ಬ್ಯಾಂಡಿನವರು ಆ ನಾಲ್ಕೂ ಹಾಡು ಕಟ್ಟಿದ್ದು ಡ್ರಮ್ಮರ್ ಮನೆಯ ಹಿಂದಿನ ಕಾರ್ ಶೆಡ್ಡಿನಲ್ಲಿ. ಕಲ್ನಾರು ಶೀಟು, ಒಂದು ಕಡೆ ಇಟ್ಟಿಗೆ ಗೋಡೆ, ಇನ್ನೊಂದು ಕಡೆ ಕಬ್ಬಿಣದ ಗೇಟು. ಸ್ನೇರ್ ಹೊಡೆದರೆ ಗೇಟು ಸಣ್ಣಗೆ ಜುಂಯ್ ಅನ್ನೋದು. ಗಿಟಾರಿಸ್ಟು ಸೋಲೊದ ಕೊನೇ ಸ್ವರ ಹಿಡಿದು ನಿಂತಾಗ ಶೀಟು ಅದನ್ನು ಎರಡು ಕ್ಷಣ ಹೆಚ್ಚು ಹಿಡಿದಿಡೋದು, ಅವನು ಆ ಸ್ವರವನ್ನು ಅಷ್ಟು ಉದ್ದ ಎಳೆಯೋದು ಕಲಿತಿದ್ದೇ ಅಲ್ಲಿ. ಹೋದ ವರ್ಷ ಆ ಮನೆ ಬಿಲ್ಡರಿಗೆ ಹೋಯ್ತು. ಈಗ ಅಲ್ಲಿ ನಾಲ್ಕು ಮಹಡಿ, ಕೆಳಗೆ ಪಾರ್ಕಿಂಗು. ಶೆಡ್ಡಿನ ಫೋಟೊಗಳಿವೆ, ರೀಲ್ಸುಗಳಿವೆ. ಆ ಜಾಗದ ಸದ್ದು ಎಲ್ಲೂ ಇಲ್ಲ. ಆಲ್ಬಮ್ಮಿನಲ್ಲಿ ಅದೇ ಕೊನೇ ಸ್ವರ ಇದೆ, ಅಷ್ಟೇ ಉದ್ದ ಇದೆ, ಆದರೆ ಯಾಕೆ ಅಷ್ಟು ಉದ್ದ ಅಂತ ಕೇಳುವವರಿಗೆ ಗೊತ್ತಾಗಲು ದಾರಿಯೇ ಇಲ್ಲ. ಮದ್ರಾಸಿನ ಹಾಲುಗಳಲ್ಲಿ ವಾದ್ಯಗೋಷ್ಠಿಯೂ ಗಾಯಕರೂ ಒಟ್ಟಿಗೆ ಕೂತು ರೆಕಾರ್ಡ್ ಮಾಡಿದ ಹಳೇ ಕನ್ನಡ ಚಿತ್ರಗೀತೆ ಕೇಳಿ. ಮೈಕು ಕಡಿಮೆ ಇದ್ದ ಕಾರಣಕ್ಕೇ ಇರಬಹುದು, ಪಿಟೀಲುಗಳ ಹಿಂದೆ ಒಂದು ದೊಡ್ಡ ಹಾಲು ಉಸಿರಾಡ್ತಿರೋದು ಕೇಳುತ್ತೆ. ಟೇಪಿನ ಮೇಲೆ ಆ ಗೋಡೆಗಳು ಇನ್ನೂ ನಿಂತಿವೆ. ಅವರಿಗೆ ಬೇರೆ ದಾರಿ ಇರಲಿಲ್ಲ, ನಮಗಿದೆ. ನಾವು ಆರಿಸಿಕೊಂಡಿದ್ದು ಯಾವ ಗೋಡೆಯೂ ಇಲ್ಲದ್ದನ್ನು.

"ಜೋರಾಗಿ ಬಾರಿಸಿದ್ರೆ ಅಕ್ಕಪಕ್ಕದವರು?" ಅಂತೀರಿ. ರೂಮ್ ಮೈಕಿಗೆ ನೂರು ವಾಟ್ ಬೇಕಿಲ್ಲ. ಸೆಲೆಸ್ಟಿಯನ್ ವಿಂಟೇಜ್ 30ರಂಥ ಗಿಟಾರ್ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡಿಬಿ. ಒಂದರಿಂದ ನೂರು ವಾಟಿಗೆ ಹೋದರೂ ಸಿಗೋದು ಇನ್ನು 20 ಡಿಬಿ, ಜೊತೆಗೆ ಅಸೋಸಿಯೇಷನ್ ನೋಟಿಸು. ಐದು ವಾಟಿನ ಆಂಪು ತನ್ನಿ, ಅದನ್ನೂ ಪೂರ್ತಿ ತಿರುಗಿಸಬೇಡಿ. ದೊಡ್ಡ ಸಮಸ್ಯೆ ಅಕ್ಕಪಕ್ಕದವರಿಗೆ ನಿಮ್ಮ ಸದ್ದು ಹೋಗೋದಲ್ಲ, ಅವರ ಸದ್ದು ನಿಮಗೆ ಬರೋದು. ರೂಮ್ ಮೈಕಿಗೆ ಎಲ್ಲ ಬೇಕು: ಸೀಲಿಂಗ್ ಫ್ಯಾನು, ಬೋರ್‌ವೆಲ್ ಮೋಟರು, ಮೂರನೇ ಮಹಡಿಯ ಕುಕ್ಕರು, ರಿವರ್ಸ್ ತಗೊಳ್ಳೋ ನೀರಿನ ಟ್ಯಾಂಕರು. ಫ್ಯಾನು ಆರಿಸಿ, ಫ್ರಿಜ್ಜಿನ ಪ್ಲಗ್ಗು ಕೀಳಿ. (ಮತ್ತೆ ಹಾಕೋಕೆ ನೆನಪಾಗಲಿ ಅಂತ ಕಾರಿನ ಕೀ ಫ್ರಿಜ್ಜಿನೊಳಗೆ ಇಡಿ.) ಕುಕ್ಕರ್ ಮೂರನೇ ವಿಷಲ್ಲಿಗೆ ನಿಲ್ಲುತ್ತೆ, ಕಾಯಿರಿ.

ಆಂಪು ಇಲ್ಲ, ಮನೇಲಿ ಮಗು ಮಲಗಿದೆ, ಸಾಫ್ಟ್‌ವೇರೇ ಗತಿ ಅನ್ನೋರಿಗೂ ಒಂದು ಕೆಲಸ ಇದೆ. ಒಂದು ಪೊಟ್ಟಣ ಬಲೂನು ತಗೊಳ್ಳಿ. ಭಾನುವಾರ ಮಧ್ಯಾಹ್ನ ಊಟ ಮಾಡಿ ಅಪಾರ್ಟ್‌ಮೆಂಟೆಲ್ಲ ಮಲಗಿರುತ್ತೆ, ಆಗ ಮೆಟ್ಟಿಲಿನ ಕೆಳಗೆ ಒಂದು ಬಲೂನು ಒಡೆದು ಎರಡನೇ ಮಹಡಿಯಿಂದ ರೆಕಾರ್ಡ್ ಮಾಡಿ. ಬೇಸ್‌ಮೆಂಟಿನಲ್ಲಿ ಒಂದು. ಊರಿಗೆ ಹೋದಾಗ ಶಾಲೆಯ ಹಾಲಿನಲ್ಲಿ ಒಂದು, ಜಗುಲಿಯಲ್ಲಿ ಒಂದು. ಕಾನ್ವಲ್ಯೂಷನ್ ರಿವರ್ಬ್ ಪ್ಲಗ್‌ಇನ್ ಯಾವುದೇ ಇರಲಿ, ಆ ಫೈಲು ಅದಕ್ಕೆ ಹಾಕಿದರೆ ಓಡುತ್ತೆ. ಸೆಕ್ಯೂರಿಟಿಯವರಿಗೆ ಮಾತ್ರ ಮೊದಲೇ ಹೇಳಿರಿ. ನಮ್ಮ ಕಟ್ಟಡದಲ್ಲಿ ಎರಡನೇ ಬಲೂನಿಗೆ ಅವರು ಲಾಠಿ ಹಿಡಿದು ಓಡಿ ಬಂದರು, "ಏನ್ ಸಾರ್ ಸಿಡೀತು?" ಅಂತ ಕೇಳಿದ್ದು ಕೂಡ ರೆಕಾರ್ಡ್ ಆಗಿದೆ, ಮೆಟ್ಟಿಲಿನ ಮಾರ್ದನಿ ಸಮೇತ.